ಅಡುಗೆಮನೆಯ ನೆಲದ ಪದರಗಳು

ಕಳೆದ ತಿಂಗಳು ನಮ್ಮ ಅಡುಗೆಮನೆಗೆ ಹೊಸ ನೆಲವಾಯಿತು. ಹಳೆಯ ಕೆಂಪು ಗಾರೆಯ ನೆಲ ಬಿರುಕು ಬಿಟ್ಟಿತ್ತು, ನೀರು ಬಿದ್ದರೆ ಜಾರುತ್ತಿತ್ತು. ಮನೆಯಾಕೆ ಎರಡು ಸಲ ಬಿದ್ದ ಮೇಲೆ ನನ್ನ ಹಟ ನಡೆಯಲಿಲ್ಲ. ಒಡೆಯುವುದು ಬೇಡ, ಅದರ ಮೇಲೆಯೇ ಅಂಟು ಹಾಕಿ ಟೈಲ್ಸ್ ಕೂರಿಸೋಣವೆಂದರು ಮೇಸ್ತ್ರಿ. ಕೋಲಿನಿಂದ ನೆಲವನ್ನು ತಟ್ಟುತ್ತ ಹೋಗಿ, ಪೊಳ್ಳು ಸದ್ದು ಬಂದೆಡೆ ಗುರುತು ಹಾಕಿದರು. ಅಂಥ ಭಾಗವನ್ನು ಕಿತ್ತು ತುಂಬಬೇಕು; ಎಣ್ಣೆಜಿಡ್ಡನ್ನು ತೊಳೆದು, ನುಣುಪಾದ ಮೈಯನ್ನು ಉಳಿಯಿಂದ ಒರಟು ಮಾಡಬೇಕು. ಇಲ್ಲವಾದರೆ ಅಂಟು ಹಿಡಿಯದು.

ಮೂಲೆಯಲ್ಲಿ ಕಿತ್ತ ಗುಂಡಿಯ ಬದಿಯನ್ನು ನೋಡುತ್ತ ನಿಂತೆ. ಕೆಂಪು ಗಾರೆ, ಅದರಡಿ ಸುಣ್ಣದ ಗಾರೆ, ಅದಕ್ಕೂ ಕೆಳಗೆ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಸಗಣಿ ಸಾರಣೆಯ ಪದರಗಳು, ತಳದಲ್ಲಿ ಕರಿಯ ಬೂದಿ. ಅಜ್ಜಿಯ ಒಲೆ ಅಲ್ಲಿತ್ತೆಂದು ತಾಯಿ ಹೇಳುತ್ತಿದ್ದರು. ಬೂದಿಯ ಪಕ್ಕದಲ್ಲಿಯೇ, ಅಷ್ಟೇ ಆಳದಲ್ಲಿ, ಸಿಮೆಂಟಿನ ಗಡ್ಡೆ! ಅದು ನನ್ನ ಕೆಲಸ. ಮಿಕ್ಸಿ ಬಂದ ಮೇಲೆ, 1984ರಲ್ಲಿ, ನೆಲದಲ್ಲಿ ಹೂತಿದ್ದ ಒರಳನ್ನು ಕೀಳಿಸಿ ಹಿತ್ತಲಿಗೆ ಹಾಕಿ ಗುಂಡಿ ಮುಚ್ಚಿಸಿದ್ದೆ. ತಾಯಿ ಏನೂ ಅನ್ನಲಿಲ್ಲ. ಆದರೆ ಕೊನೆಯವರೆಗೂ ಆ ಸಿಮೆಂಟಿನ ವೃತ್ತವನ್ನು ತುಳಿಯದೆ ಸುತ್ತಿ ಹೋಗುತ್ತಿದ್ದರು.

ಆಗ ನೆನಪಾದದ್ದು ಚಂದ್ರವಳ್ಳಿ. ನಮ್ಮ ಚಿತ್ರದುರ್ಗದ ಬೆಟ್ಟಗಳ ನಡುವಣ ಈ ಕಣಿವೆಗೆ ಎಷ್ಟು ತಂಡ ಮಕ್ಕಳನ್ನು ಕರೆದೊಯ್ದಿದ್ದೆನೋ! ಅವರಿಗೆ ಬೇಕಾದದ್ದು ಅಂಕಲಿಮಠದ ಕತ್ತಲು. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಕೆರೆಯ ಶಾಸನವನ್ನು ತೋರಿಸಿದರೆ ಆಕಳಿಸುತ್ತಿದ್ದರು. ಇಲ್ಲಿ ಮೈಸೂರು ಪುರಾತತ್ವ ಇಲಾಖೆಯ ಡಾ. ಎಂ.ಎಚ್. ಕೃಷ್ಣ ಅವರು ಅಗೆಸಿದರು. ಅನಂತರ 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯೊಡನೆ ಚಂದ್ರವಳ್ಳಿಯನ್ನೂ ಅಗೆಸಿದರು. ಸಿಕ್ಕ ವಸ್ತುವಿನ ಕಾಲವನ್ನು ಅದರ ಆಳದಿಂದ ಅಳೆಯಬಾರದು, ಅದು ಯಾವ ಪದರಕ್ಕೆ ಸೇರಿದೆಯೆಂದು ಗುಂಡಿಯ ಗೋಡೆಯಲ್ಲಿ ಓದಬೇಕು ಎಂಬುದು ವೀಲರರ ಪಟ್ಟು. ಮೇಲಿನವರು ತೋಡಿದ ಕುಣಿ ಕೆಳಗಿನವರ ನೆಲವನ್ನು ಸೀಳಿಕೊಂಡು ಇಳಿದಿರುತ್ತದೆ. ಬರಿಯ ಅಳತೆಪಟ್ಟಿ ಹಿಡಿದವನಿಗೆ ಅಜ್ಜಿಯ ಬೂದಿಯೂ ನನ್ನ ಸಿಮೆಂಟೂ ಸಮಕಾಲೀನವಾಗಿಬಿಡುತ್ತಿದ್ದವು. ತರಗತಿಯಲ್ಲಿ ಎಷ್ಟೋ ವರ್ಷ ಪಾಠ ಹೇಳಿದ್ದರೂ ಇದು ನನಗೆ ಮನದಟ್ಟಾದದ್ದು ಮೊನ್ನೆಯೇ.

ಚಂದ್ರವಳ್ಳಿಯ ಕಾಲನಿರ್ಣಯಕ್ಕೆ ನೆರವಾದವುಗಳಲ್ಲಿ ರೋಮಿನ ಟೈಬೀರಿಯಸನ ಬೆಳ್ಳಿನಾಣ್ಯವೂ ಒಂದು. ಅವನು ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ, ನಾಣ್ಯವಿದ್ದ ಪದರ ಅದಕ್ಕಿಂತ ಹಿಂದಿನದಾಗಲಾರದು. ಶಾತವಾಹನರ ಸೀಸದ ನಾಣ್ಯಗಳೂ ಅಲ್ಲಿ ದೊರೆತಿವೆ. ಇದನ್ನು ನೆನೆದು ನಾನೂ ಹತ್ತು ರೂಪಾಯಿಯ ನಾಣ್ಯವೊಂದನ್ನು ಟೈಲ್ಸಿನ ಕೆಳಗೆ ಇಡಹೋದೆ.

“ಬೇಡಿ ಮೇಷ್ಟ್ರೇ, ಅಂಟು ಇರೋದೇ ತೆಳ್ಳಗೆ. ನಾಣ್ಯ ಇಟ್ರೆ ಟೈಲ್ಸು ಕೂರಲ್ಲ, ಆಮೇಲೆ ಬಿರುಕು ಬಿಡುತ್ತೆ” ಎಂದರು ಮೇಸ್ತ್ರಿ.

ನಾಣ್ಯ ಜೇಬಿಗೆ ಮರಳಿತು. ಒರಳಿದ್ದ ಜಾಗದ ಮೇಲೂ ಟೈಲ್ಸ್ ಕೂತು ವೃತ್ತ ಕಾಣದಾಯಿತು. ನೆಲ ಅರ್ಧ ಇಂಚು ಮೇಲೇರಿದ್ದರಿಂದ ಬಾಗಿಲು ಉಜ್ಜತೊಡಗಿತು. ಮರುದಿನ ಬಡಗಿಯನ್ನು ಕರೆಸಿ ಅದರ ಅಡಿಯನ್ನು ಹೆರೆಸಿದೆವು.