ಕೆಂಪು ರಕ್ತಕಣ ಪ್ರತಿಕಾಯಗಳ ಪತ್ತೆ

ರೋಗಿಯ ಸೀರಂನಲ್ಲಿ ಪರರ ಕೆಂಪು ರಕ್ತಕಣಗಳನ್ನು ಹಾಳುಮಾಡಬಲ್ಲ ಪ್ರತಿಕಾಯ ಇದೆಯೇ, ಇದ್ದರೆ ಅದು ಕಣದ ಮೇಲಿನ ಯಾವ ಪ್ರತಿಜನಕದ ವಿರುದ್ಧ ಹುಟ್ಟಿದ್ದು ಎಂದು ರಕ್ತನಿಧಿಯಲ್ಲಿ ನಿರ್ಣಯಿಸುವ ಪರೀಕ್ಷೆಯೇ ಪ್ರತಿಕಾಯ ಪತ್ತೆ. ಎ, ಬಿ, ಎಬಿ, ಓ ಗುಂಪು ಮತ್ತು ಪಾಸಿಟಿವ್-ನೆಗೆಟಿವ್ ಹೊಂದಿದರೆ ಸಾಕು ಎಂದು ಜನ ನಂಬಿದ್ದಾರೆ. ಆದರೆ ಕೆಂಪು ಕಣದ ಮೇಲೆ ಈವರೆಗೆ ಗುರುತಾಗಿರುವ ಪ್ರತಿಜನಕಗಳು 300ಕ್ಕೂ ಹೆಚ್ಚು. ಹಿಂದೆ ರಕ್ತ ಪಡೆದವರಲ್ಲಿ, ಗರ್ಭ ಧರಿಸಿದವರಲ್ಲಿ ಇವುಗಳ ಪೈಕಿ ಯಾವುದಕ್ಕಾದರೂ ಪ್ರತಿಕಾಯ ಹುಟ್ಟಿರಬಹುದು.

ಈ ವಿದ್ಯೆಗೆ ಅಡಿಪಾಯ ಹಾಕಿದವನು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ತನ್ನ ಮತ್ತು ಸಹೋದ್ಯೋಗಿಗಳ ಸೀರಂ ಹಾಗೂ ಕಣಗಳನ್ನು ಒಂದರೊಡನೊಂದು ಬೆರೆಸಿ, ಕೆಲವು ಜೋಡಿಗಳಲ್ಲಿ ಕಣಗಳು ಗುಂಪುಗಟ್ಟುವುದನ್ನೂ ಕೆಲವುಗಳಲ್ಲಿ ಹಾಗೇ ಉಳಿಯುವುದನ್ನೂ ಅವನು ಗಮನಿಸಿದ. 1901ರಲ್ಲಿ ಅದರಿಂದಲೇ ರಕ್ತದ ಗುಂಪುಗಳನ್ನು ವಿವರಿಸಿದ. 1907ರಲ್ಲಿ ನ್ಯೂಯಾರ್ಕಿನ ರೂಬೆನ್ ಒಟನ್‌ಬರ್ಗ್ ರಕ್ತ ಕೊಡುವ ಮೊದಲು ದಾನಿಯ ಕಣ, ರೋಗಿಯ ಸೀರಂ ಬೆರೆಸಿ ನೋಡುವ ಪದ್ಧತಿ ಆರಂಭಿಸಿದ. ಇದೇ ಇಂದಿನ ಕ್ರಾಸ್‌ಮ್ಯಾಚ್.

ಗುಂಪು ಹೊಂದಿದರೂ ಅನಾಹುತವಾಗಬಹುದು ಎಂಬುದನ್ನು ಖಚಿತಪಡಿಸಿದ್ದು ಫಿಲಿಪ್ ಲೆವಿನ್ ಮತ್ತು ರೂಫಸ್ ಸ್ಟೆಟ್ಸನ್ 1939ರಲ್ಲಿ ಪ್ರಕಟಿಸಿದ ಪ್ರಕರಣ. ನ್ಯೂಯಾರ್ಕಿನಲ್ಲಿ ಮಗು ಹೊಟ್ಟೆಯಲ್ಲೇ ಸತ್ತು ಹೆರಿಗೆಯಾದ ಹೆಂಗಸಿಗೆ ಗಂಡನ ರಕ್ತ ಕೊಟ್ಟಿದ್ದರು. ಇಬ್ಬರದೂ ಓ ಗುಂಪು. ಆದರೂ ಆಕೆಗೆ ತೀವ್ರ ತೊಂದರೆಯಾಯಿತು. ಆಕೆಯ ಸೀರಂ ಗಂಡನ ಕಣಗಳನ್ನಷ್ಟೇ ಅಲ್ಲ, ಗುಂಪು ಹೊಂದುವ 104 ದಾನಿಗಳ ಪೈಕಿ 80 ಮಂದಿಯ ಕಣಗಳನ್ನೂ ಗುಂಪುಗಟ್ಟಿಸಿತು. ತಂದೆಯಿಂದ ಮಗುವಿಗೆ ಬಂದ ಗುಣವೊಂದಕ್ಕೆ ತಾಯಿಯ ದೇಹ ಪ್ರತಿಕಾಯ ತಯಾರಿಸಿತ್ತು ಎಂದು ಅವರು ಸರಿಯಾಗಿಯೇ ಊಹಿಸಿದರು. ಮರುವರ್ಷ ಲ್ಯಾಂಡ್‌ಸ್ಟೈನರ್ ಮತ್ತು ಅಲೆಕ್ಸಾಂಡರ್ ವೀನರ್, ಇಂದು ಪಾಸಿಟಿವ್-ನೆಗೆಟಿವ್ ಎಂದು ಹೇಳುವ ಆರ್‌ಎಚ್ ಅಂಶವನ್ನು ವರದಿ ಮಾಡಿದರು.

ಆಮೇಲೆ ಎದುರಾದ ತೊಡಕು ಇನ್ನೂ ಗಹನವಾದದ್ದು. ರೋಗಲಕ್ಷಣ ನೋಡಿದರೆ ಪ್ರತಿಕಾಯ ಇರಲೇಬೇಕು. ಆದರೆ ಸೀರಂ ಬೆರೆಸಿದರೆ ಕಣಗಳು ಗುಂಪುಗಟ್ಟುವುದಿಲ್ಲ. ಕೆಂಪು ಕಣಗಳ ಮೇಲ್ಮೈಯಲ್ಲಿ ಋಣ ವಿದ್ಯುದಂಶವಿರುವುದರಿಂದ ಅವು ಒಂದನ್ನೊಂದು ದೂರ ತಳ್ಳುತ್ತವೆ. ಗಾತ್ರದಲ್ಲಿ ದೊಡ್ಡದಾದ ಐಜಿಎಂ ಪ್ರತಿಕಾಯ ಆ ಅಂತರವನ್ನು ದಾಟಿ ಎರಡು ಕಣಗಳನ್ನು ಹಿಡಿಯಬಲ್ಲದು. ಚಿಕ್ಕದಾದ ಐಜಿಜಿ ಒಂದು ಕಣಕ್ಕೆ ಅಂಟಿ ಕೂರುತ್ತದೆ, ಇನ್ನೊಂದಕ್ಕೆ ಅದರ ಕೈ ಎಟಕುವುದಿಲ್ಲ. ರೋಗಿಗೆ ಹೆಚ್ಚು ಕೆಡುಕು ಮಾಡುವ ಪ್ರತಿಕಾಯಗಳಲ್ಲಿ ಬಹುಪಾಲು ಈ ಎರಡನೆಯ ಬಗೆಯವು.

ಪಶುವೈದ್ಯ ಶಿಕ್ಷಣ ಪಡೆದು ಕೇಂಬ್ರಿಜ್‌ನಲ್ಲಿ ಸಂಶೋಧನೆ ಮಾಡುತ್ತಿದ್ದ ರಾಬಿನ್ ಕೂಂಬ್ಸ್‌ಗೆ ಇದರ ಪರಿಹಾರ ಹೊಳೆದದ್ದು ರೈಲು ಪ್ರಯಾಣದಲ್ಲಿ. ಪ್ರತಿಕಾಯವೂ ಒಂದು ಗ್ಲಾಬ್ಯುಲಿನ್ ಪ್ರೋಟೀನೇ ತಾನೆ. ಮನುಷ್ಯರ ಗ್ಲಾಬ್ಯುಲಿನ್ ಅನ್ನು ಮೊಲಕ್ಕೆ ಚುಚ್ಚಿದರೆ ಮೊಲ ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ಐಜಿಜಿ ಅಂಟಿಕೊಂಡ ಕಣಗಳನ್ನು ಚೆನ್ನಾಗಿ ತೊಳೆದು ಆ ಮೊಲದ ಸೀರಂ (ಕೂಂಬ್ಸ್ ಸೀರಂ) ಹಾಕಿದರೆ ಕಣಗಳ ನಡುವೆ ಸೇತುವೆ ಕಟ್ಟಿದಂತಾಗುತ್ತದೆ. 1945ರಲ್ಲಿ ಕೂಂಬ್ಸ್, ಆರ್ಥರ್ ಮೌರಂಟ್, ರಾಬರ್ಟ್ ರೇಸ್ ಸೇರಿ ಈ ಪರೀಕ್ಷೆಯನ್ನು ಪ್ರಕಟಿಸಿದರು. ಇಟಲಿಯ ಕಾರ್ಲೊ ಮೊರೆಸ್ಕಿ 1908ರಲ್ಲೇ ಇದೇ ತತ್ವವನ್ನು ವಿವರಿಸಿದ್ದ, ಆದರೆ ಅದು ಯಾರ ಗಮನಕ್ಕೂ ಬಾರದೆ ಉಳಿದಿತ್ತು. ಈ ಶಾಸ್ತ್ರದ ಇತಿಹಾಸದಲ್ಲಿ ಕೂಂಬ್ಸ್ ಪರೀಕ್ಷೆ ಒಂದು ದೊಡ್ಡ ಹೆಜ್ಜೆ. ಅದರ ನೆರವಿನಿಂದ 1946ರಲ್ಲಿ ಕೆಲ್, 1950ರಲ್ಲಿ ಡಫಿ, 1951ರಲ್ಲಿ ಕಿಡ್ ಎಂಬ ರಕ್ತಗುಂಪು ವ್ಯವಸ್ಥೆಗಳು ಒಂದರ ಹಿಂದೊಂದು ಬೆಳಕಿಗೆ ಬಂದವು. ಈ ಹೆಸರುಗಳೆಲ್ಲ ಪ್ರತಿಕಾಯ ದೊರೆತ ರೋಗಿಗಳ ಕುಟುಂಬನಾಮಗಳಿಂದ ಬಂದವು.

ಪ್ರತಿಜನಕಗಳ ಸಂಖ್ಯೆ ಹೆಚ್ಚಿದಂತೆ ‘ಪ್ಯಾನೆಲ್’ ಬಳಕೆಗೆ ಬಂತು. ಪ್ರತಿಜನಕಗಳನ್ನು ಮೊದಲೇ ಗುರುತಿಸಿಟ್ಟ, ಸಾಮಾನ್ಯವಾಗಿ 11 ಮಂದಿ ಓ ಗುಂಪಿನ ದಾನಿಗಳ ಕಣಗಳ ಸೆಟ್ಟು ಇದು. ರೋಗಿಯ ಸೀರಂ ಅನ್ನು ಪ್ರತಿಯೊಂದರ ಜೊತೆಗೂ ಬೆರೆಸಿ, 37 ಡಿಗ್ರಿಯಲ್ಲಿಟ್ಟು, ತೊಳೆದು, ಕೂಂಬ್ಸ್ ಸೀರಂ ಹಾಕಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸುತ್ತಾರೆ. ಟ್ಯೂಬಿನ ತಳದಲ್ಲಿ ಗುಂಡಿಯಂತೆ ಕೂತ ಕಣಗಳನ್ನು ಮೆಲ್ಲಗೆ ಅಲುಗಿಸಿದಾಗ ಹೊಗೆ ಎದ್ದಂತೆ ನುಣ್ಣಗೆ ಕರಗಿ ಹರಡಿದರೆ ನೆಗೆಟಿವ್. ಹರಳು ಹರಳಾಗಿ ಒಡೆದರೆ ಪಾಸಿಟಿವ್.

ಪತ್ತೆಯ ಜಾಣ್ಮೆ ಇರುವುದು ಪಾಸಿಟಿವ್‌ಗಿಂತ ಹೆಚ್ಚಾಗಿ ನೆಗೆಟಿವ್ ಓದುವುದರಲ್ಲಿ. ಪ್ರತಿಕ್ರಿಯೆ ತೋರದ ಕಣದ ಮೇಲೆ ಯಾವ ಪ್ರತಿಜನಕಗಳಿವೆಯೋ ಅವುಗಳ ವಿರುದ್ಧ ಪ್ರತಿಕಾಯ ಇಲ್ಲವೆಂದು ಪ್ರತಿಜನಕಗಳ ಪಟ್ಟಿಯಲ್ಲಿ ಗೆರೆ ಎಳೆಯುತ್ತಾರೆ. ಗೆರೆಗಳಿಂದ ತಪ್ಪಿಸಿಕೊಂಡು ಉಳಿದದ್ದೇ ಉತ್ತರ. ಅದು ಕಾಕತಾಳೀಯವಲ್ಲವೆಂದು ದೃಢಪಡಿಸಲು ಆ ಪ್ರತಿಜನಕವಿರುವ ಮೂರು ಕಣಗಳು ಪಾಸಿಟಿವ್, ಇಲ್ಲದ ಮೂರು ನೆಗೆಟಿವ್ ಆಗಬೇಕೆಂಬ ನಿಯಮವಿದೆ. ಆರರಲ್ಲಿ ಮೂರನ್ನು ಆರಿಸಲು 20 ದಾರಿಗಳಿರುವುದರಿಂದ ಹೊಂದಾಣಿಕೆ ಬರೀ ಆಕಸ್ಮಿಕವಾಗಿರುವ ಸಾಧ್ಯತೆ 20ರಲ್ಲಿ 1. ಈ ಲೆಕ್ಕದ ಹಿಂದಿರುವ ವಿಧಾನ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಷರ್‌ನದು. ಆರ್‌ಎಚ್ ಪ್ರತಿಜನಕಗಳಿಗೆ ಸಿ, ಡಿ, ಇ ಎಂಬ ಹೆಸರಿನ ವ್ಯವಸ್ಥೆ ಸೂಚಿಸಿದವನೂ ಅವನೇ.

ಸಂದೇಹ ಉಳಿದರೆ ಕಿಣ್ವಗಳು ನೆರವಿಗೆ ಬರುತ್ತವೆ. ಪಪಾಯಿಯಿಂದ ಬರುವ ಪಪೇನ್ ಡಫಿ ಪ್ರತಿಜನಕವನ್ನು ಕತ್ತರಿಸಿ ಹಾಕುತ್ತದೆ, ಆರ್‌ಎಚ್ ಮತ್ತು ಕಿಡ್‌ಗಳ ಪ್ರತಿಕ್ರಿಯೆಯನ್ನು ಹೆಚ್ಚಿಸುತ್ತದೆ, ಕೆಲ್‌ ಅನ್ನು ಮುಟ್ಟುವುದಿಲ್ಲ. ಪ್ರತಿಕಾಯಗಳಲ್ಲಿ ವಿಶೇಷ ಎಚ್ಚರ ಬೇಡುವುದು ಕಿಡ್ ಪ್ರತಿಕಾಯ. ಕೆಲವೇ ತಿಂಗಳಲ್ಲಿ ಅದು ಪರೀಕ್ಷೆಗೆ ಸಿಗದಷ್ಟು ಇಳಿದುಬಿಡುತ್ತದೆ; ಮತ್ತೆ ಅಂಥದೇ ರಕ್ತ ಕೊಟ್ಟಾಗ ವೇಗವಾಗಿ ಏರಿ, ದಿನಗಳ ನಂತರ ಕಣಗಳನ್ನು ಒಡೆಯುತ್ತದೆ. ಹಳೆಯ ವರದಿಯನ್ನು ಜೋಪಾನವಾಗಿಡಬೇಕೆನ್ನುವುದು ಈ ಕಾರಣಕ್ಕೆ. ಪರೀಕ್ಷೆಯ ಕೆಲಸವೂ ಮುಂದೆ ಸುಲಭವಾಯಿತು: 1990ರಲ್ಲಿ ಫ್ರಾನ್ಸಿನ ಈವ್ ಲಾಪಿಯೇರ್ ಪ್ರಕಟಿಸಿದ ಜೆಲ್ ವಿಧಾನದಿಂದ ತೊಳೆಯುವ ಕೆಲಸ ತಪ್ಪಿತು. ಗುಂಪುಗಟ್ಟಿದ ಕಣಗಳು ಜೆಲ್‌ನ ಮೇಲೇ ಸಿಕ್ಕಿಕೊಳ್ಳುತ್ತವೆ, ಬಿಡಿಯಾದವು ತಳಕ್ಕಿಳಿಯುತ್ತವೆ.

ಪ್ಯಾನೆಲ್‌ನ ಎಲ್ಲ ಕಣಗಳೂ ಪಾಸಿಟಿವ್ ಆದರೆ ಗೆರೆ ಎಳೆಯಲು ಜಾಗವೇ ಉಳಿಯುವುದಿಲ್ಲ. ಬಹುತೇಕ ಎಲ್ಲರಲ್ಲೂ ಇರುವ ಪ್ರತಿಜನಕ ಆ ರೋಗಿಯಲ್ಲಿ ಇಲ್ಲದೆ, ಅದರ ವಿರುದ್ಧ ಪ್ರತಿಕಾಯ ಇದ್ದಾಗ ಹೀಗಾಗಬಹುದು. 1952ರಲ್ಲಿ ವೈ.ಎಂ. ಭೆಂಡೆ ಮತ್ತು ಸಂಗಡಿಗರು ಮುಂಬೈಯಿಂದ ವರದಿ ಮಾಡಿದ ‘ಬಾಂಬೆ’ ಗುಂಪು ಅಂಥದ್ದು. ಸಾಮಾನ್ಯ ಪರೀಕ್ಷೆಯಲ್ಲಿ ಓ ಎಂದೇ ಕಾಣುವ ಇವರ ಸೀರಂ ಓ ಕಣಗಳನ್ನೂ ಗುಂಪುಗಟ್ಟಿಸುತ್ತದೆ. ಇವರಿಗೆ ಬಾಂಬೆ ಗುಂಪಿನವರ ರಕ್ತವೇ ಆಗಬೇಕು.

ಕರ್ನಾಟಕದಲ್ಲೂ ಇಂಥದೊಂದು ಪತ್ತೆ ನಡೆದಿದೆ. ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾಗಿದ್ದ ಕೋಲಾರದ ಮಹಿಳೆಯೊಬ್ಬರ ಗುಂಪು ಓ ಪಾಸಿಟಿವ್ ಆಗಿದ್ದರೂ ಲಭ್ಯವಿದ್ದ ಯಾವ ಓ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ-ಟಿಟಿಕೆ ರಕ್ತ ಕೇಂದ್ರದವರು ಪರೀಕ್ಷಿಸಿದಾಗ ಪ್ಯಾನೆಲ್ ಪೂರ್ತಿ ಪಾಸಿಟಿವ್. ಕುಟುಂಬದ 20 ಮಂದಿಯ ಮಾದರಿ ನೋಡಿದರೂ ಹೊಂದುವವರು ಸಿಗಲಿಲ್ಲ. ಮಾದರಿಗಳು ಬ್ರಿಸ್ಟಲ್‌ನ ಅಂತಾರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋದವು. ಸುಮಾರು ಹತ್ತು ತಿಂಗಳ ಶೋಧದ ನಂತರ ಆಕೆಯಲ್ಲಿ ಇಲ್ಲದಿದ್ದದ್ದು ಕ್ರೋಮರ್ ಎಂಬ ರಕ್ತಗುಂಪು ವ್ಯವಸ್ಥೆಗೆ ಸೇರಿದ, ಅದುವರೆಗೆ ಗೊತ್ತಿರದ ಪ್ರತಿಜನಕವೆಂದು ತಿಳಿಯಿತು. ಕ್ರೋಮರ್, ಇಂಡಿಯಾ, ಬೆಂಗಳೂರು ಮೂರನ್ನೂ ಸೂಚಿಸುವಂತೆ ಅದಕ್ಕೆ ‘ಕ್ರಿಬ್’ ಎಂದು ಹೆಸರಿಟ್ಟು 2025ರ ಜೂನ್‌ನಲ್ಲಿ ಮಿಲಾನ್ ಸಮ್ಮೇಳನದಲ್ಲಿ ಪ್ರಕಟಿಸಲಾಯಿತು. ಆ ಮಹಿಳೆಯ ಶಸ್ತ್ರಚಿಕಿತ್ಸೆಯನ್ನು ವೈದ್ಯರು ಹೊರಗಿನ ರಕ್ತ ಕೊಡದೆಯೇ ನೆರವೇರಿಸಿದ್ದರು.