ಕಾಳಿಯ ಕಲ್ಲು, ನಮ್ಮ ಕೆಂಚನ ಸೊಂಟ

ನಾಯಿಗೆ ಯಾರಾದ್ರೂ ಅಷ್ಟು ದುಡ್ಡು ಸುರೀತಾರಾ ಅಂತ ಹೊಳವನಹಳ್ಳೀಲಿ ಕೇಳೋರೇ ಎಲ್ಲ. ಅವರಿಗೊಂದು ಹಳೇ ಸಂಗತಿ ಹೇಳ್ತೀನಿ ಕಣ್ರಮ್ಮ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಒಂದು ಕಲ್ಲು ಸಿಕ್ತು, ಕ್ರಿ.ಶ. 949-50ರದ್ದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲೈತೆ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟರ ಮೂರನೇ ಕೃಷ್ಣನೂ ಗಂಗರ ಬೂತುಗನೂ ಚೋಳರ ರಾಜಾದಿತ್ಯನ್ನ ಸೋಲಿಸಿದರು. ಅಲ್ಲಿ ಚೆನ್ನಾಗಿ ಕಾದಾಡಿದ ಮಣಲೇರನಿಗೆ, ಏನು ಬೇಕೋ ಕೇಳು ಅಂದ್ರೆ, ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯೀನ! ಆಮೇಲೆ ಕಾಳಿ ದೊಡ್ಡದೊಂದು ಹಂದಿ ಮೇಲೆ ಬಿದ್ದು, ಎರಡೂ ಸತ್ತವು. ಅದಕ್ಕೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಕಲ್ಲಿಗೆ ಪೂಜೆ ಮಾಡದೆ ಪೂಜಾರಿ ಉಣ್ಣಬಾರದು ಅಂತ ಬರೆಸಿದರು. ನಾಯಿ ಋಣ ಅನ್ನೋದು ಹೊಸ ಶೋಕಿ ಅಲ್ಲ.

ಹೊಸದು ಆಪರೇಷನ್. ಮನುಷ್ಯರಿಗೇ ಸೊಂಟದ ಕೀಲು ಬದಲಿಸೋ ವಿದ್ಯೆ ಕುದುರಿದ್ದು 1960ರ ದಶಕದಲ್ಲಿ, ಇಂಗ್ಲೆಂಡಿನ ಜಾನ್ ಚಾರ್ನ್ಲಿ ಕೈಲಿ. ನಾಯಿಗಳಿಗೆ ಬಂದದ್ದು ಇನ್ನೂ ಹತ್ತು ವರ್ಷ ತಡವಾಗಿ. ನಮ್ಮ ಹೆಬ್ಬಾಳದ ಪಶುವೈದ್ಯ ಕಾಲೇಜು ಶುರುವಾದದ್ದೇ 1958ರಲ್ಲಿ. ನಮ್ಮಜ್ಜಿ ಕಾಲದಲ್ಲಿ ನಾಯಿ ಕುಂಟಿದರೆ ಅದರ ಹಣೆಬರಹ, ಅಷ್ಟೆ. ಮಾಡಿಸೋದಾ, ಬಿಡೋದಾ ಅಂತ ಅಜ್ಜೀನ ಯಾರೂ ಕೇಳಲಿಲ್ಲ. ನಮ್ಮನ್ನ ಕೇಳ್ತಾರೆ.

ನಮ್ಮ ಕೆಂಚನಿಗೆ ಹನ್ನೆರಡು ವರ್ಷ. ಕೀಲು ಬದಲಿಸೋಕೆ ಒಂದು ಹಸು ಕೊಳ್ಳೋ ದುಡ್ಡಿಗಿಂತ ಜಾಸ್ತಿ ಬೇಕು. ಇನ್ನೊಂದು ದಾರಿ, ಮೂಳೆಯ ಗುಂಡು ತಲೆ ಕತ್ತರಿಸಿ ತೆಗೆಯೋದು. ಮಾಂಸಖಂಡವೇ ಆ ಜಾಗ ಹಿಡಿದು ನಡೆಸುತ್ತೆ. ಖರ್ಚು ಕಮ್ಮಿ, ಆದರೆ ತೂಕದ ನಾಯಿಗೆ ಅಷ್ಟು ಚೆನ್ನಾಗಿ ಒಗ್ಗಲ್ಲ. ಕೆಂಚ ಮುದ್ದೆ ತಿಂದು ದಪ್ಪ ಆಗವ್ನೆ. ವಯಸ್ಸೊಂದೇ ಅಡ್ಡಿ ಅಲ್ವಂತೆ. ಅರಿವಳಿಕೆ ತಡೆಯೋಕೆ ಹೃದಯ, ಕಿಡ್ನಿ ಗಟ್ಟಿ ಇರಬೇಕು. ರಕ್ತ ಪರೀಕ್ಷೆಲಿ ಕಿಡ್ನಿ ಸೋತಿರೋದು ಕಾಣಿಸ್ತು.

ಅದಕ್ಕೇ ನಾವು ಬೇಡ ಅಂದ್ವಿ. ದುಡ್ಡು ಉಳೀತು ಅಂತ ಅಲ್ಲ. ಇನ್ನಿರೋ ದಿನಾನ ಆಸ್ಪತ್ರೆ ಬೋನಿನಲ್ಲಿ ಕಳೀಬಾರದು ಅಂತ. ಮುದ್ದೆ ಅರ್ಧ ಮಾಡಿದೀವಿ, ಜಾರೋ ನೆಲಕ್ಕೆ ಗೋಣಿಚೀಲ ಹಾಸಿದೀವಿ, ನೋವಿನ ಮಾತ್ರೆ ಡಾಕ್ಟ್ರು ಬರೆದದ್ದು ಮಾತ್ರ. ನಮ್ಮ ತಲೆನೋವಿನ ಮಾತ್ರೆ ನಾಯಿಗೆ ವಿಷ ಆಗಬಹುದು, ನೆನಪಿರಲಿ.

ನಿಮ್ಮನೆ ನಾಯಿ ಕಿಡ್ನಿ ಗಟ್ಟಿಯಿದ್ದು, ಕೈಲಿ ದುಡ್ಡೂ ಇದ್ರೆ ಮಾಡಿಸಿ, ಯಾರ ಮಾತಿಗೂ ಅಂಜಬೇಡಿ. ಇಲ್ದಿದ್ರೆ ಪ್ರೀತಿ ಕಮ್ಮಿ ಅಂತ ಅಳಬೇಡಿ. ಕಾಳೀನ ಮಣಲೇರನೂ ಉಳಿಸ್ಕೊಳ್ಳೋಕೆ ಆಗಲಿಲ್ಲ, ಮರೀಲಿಲ್ಲ, ಅಷ್ಟೆ.