ಹಿಡಿತ ತಪ್ಪಿದ ವಿಮಾನ ಏನು ಮಾಡಬೇಕು?

1937ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಕಲಮಝೂ ಊರಿನಲ್ಲಿ ವಾಲ್ಟರ್ ಗುಡ್ ಮತ್ತು ವಿಲಿಯಂ ಗುಡ್ ಎಂಬ ಅವಳಿ ಸಹೋದರರು ಎಂಟು ಅಡಿ ರೆಕ್ಕೆಯ ಮಾದರಿ ವಿಮಾನವೊಂದನ್ನು ರೇಡಿಯೊ ಮೂಲಕ ಹಾರಿಸಿದರು. ಒಬ್ಬರಿಗೆ ವಿಮಾನ ಕಟ್ಟುವ ಹುಚ್ಚು, ಇನ್ನೊಬ್ಬರಿಗೆ ಹ್ಯಾಮ್ ರೇಡಿಯೊ ಗೀಳು. ‘ಗಫ್’ ಎಂಬ ಆ ವಿಮಾನ ಈಗ ಸ್ಮಿತ್‌ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹದಲ್ಲಿದೆ. ನೆಲದ ಮೇಲಿನ ಗುಂಡಿಗೂ ಆಕಾಶದ ರೆಕ್ಕೆಗೂ ನಡುವಿನ ಕಾಣದ ಕೊಂಡಿ ಕಳಚಿದರೆ ಮುಂದೇನು ಎಂಬ ಪ್ರಶ್ನೆ ಈ ಹವ್ಯಾಸದ ಜೊತೆಯಲ್ಲೇ ಹುಟ್ಟಿತು.

ಮೊದಮೊದಲು ಉತ್ತರ ಯಂತ್ರದ ರಚನೆಯಲ್ಲೇ ಇತ್ತು. ಅಂದಿನ ವಿಮಾನಗಳ ಬಾಲದ ರಡ್ಡರನ್ನು ತಿರುಗಿಸುತ್ತಿದ್ದದ್ದು ‘ಎಸ್ಕೇಪ್‌ಮೆಂಟ್’ ಎಂಬ ಪುಟ್ಟ ಸಾಧನ. ವಿಮಾನದ ಒಡಲಿನುದ್ದಕ್ಕೂ ಹುರಿಗೊಳಿಸಿದ ರಬ್ಬರ್ ಪಟ್ಟಿ. ಅದರ ತುದಿಯಲ್ಲಿ ಒಂದು ಹಲ್ಲುಚಕ್ರ. ಚಕ್ರವನ್ನು ತಡೆದು ಹಿಡಿಯುವ ವಿದ್ಯುತ್ಕಾಂತ. ಗುಂಡಿ ಒತ್ತಿ ಹಿಡಿದರೆ ರಡ್ಡರ್ ಒಂದು ಪಕ್ಕಕ್ಕೆ ಹೊರಳುತ್ತಿತ್ತು, ಬಿಟ್ಟರೆ ನಡುವಿಗೆ ಬರುತ್ತಿತ್ತು. ಹೀಗಾಗಿ ಸಿಗ್ನಲ್ ಕಡಿದರೆ ರಡ್ಡರ್ ತಾನಾಗಿ ನೇರವಾಗುತ್ತಿತ್ತು. ವಿಮಾನವನ್ನೂ ಕೈಬಿಟ್ಟರೆ ಸಮತೋಲದಲ್ಲಿ ಹಾರುವಂತೆಯೇ ಕಟ್ಟುತ್ತಿದ್ದರು. ಇಂಧನ ಮುಗಿದ ಮೇಲೆ ಅದು ಎಲ್ಲೋ ಒಂದು ಕಡೆ ತೇಲಿಕೊಂಡು ಇಳಿಯುತ್ತಿತ್ತು.

ಆ ‘ಎಲ್ಲೋ ಒಂದು ಕಡೆ’ ಎಂಬುದೇ ತಲೆನೋವು. ರೇಡಿಯೊ ಇಲ್ಲದೆ ವಿಮಾನ ಹಾರಿಸುವವರು ಇದಕ್ಕೊಂದು ಸೊಗಸಾದ ಉಪಾಯ ಕಂಡುಕೊಂಡಿದ್ದರು. ಬಾಲದ ರೆಕ್ಕೆಯನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು, ಅದಕ್ಕೊಂದು ಹತ್ತಿಯ ಬತ್ತಿ ಸಿಕ್ಕಿಸಿ, ತುದಿಗೆ ಕಿಡಿ ತಾಕಿಸಿ ವಿಮಾನವನ್ನು ಬಿಡುತ್ತಿದ್ದರು. ಬತ್ತಿ ಮೆಲ್ಲಗೆ ಕನಲುತ್ತ ಬಂದು ರಬ್ಬರನ್ನು ಸುಟ್ಟೊಡನೆ ಬಾಲ ಮೇಲಕ್ಕೆ ಚಿಮ್ಮುತ್ತಿತ್ತು. ವಿಮಾನ ಹಾರುವ ಗುಣವನ್ನೇ ಕಳೆದುಕೊಂಡು ತರಗೆಲೆಯಂತೆ ಇಳಿಯುತ್ತಿತ್ತು. ಬಿಸಿಗಾಳಿಯ ಏರುಸುಳಿಗೆ ಸಿಕ್ಕಿ ಕಣ್ಮರೆಯಾಗದಿರಲೆಂದು ಮಾಡಿದ ಈ ವ್ಯವಸ್ಥೆಯ ಹೆಸರು ‘ಡೀಥರ್ಮಲೈಸರ್’. ಹಾರಾಟವನ್ನು ಬೇಕೆಂದೇ ಕೊನೆಗೊಳಿಸುವುದು ಕೂಡ ರಕ್ಷಣೆ ಎಂಬ ತಿಳಿವು ಅದರಲ್ಲಿತ್ತು. ಸಿಗ್ನಲ್ ಕಡಿದಾಗ ತಾನಾಗಿ ಜಾಗೃತವಾಗುವ ಇಂದಿನ ‘ಫೇಲ್‌ಸೇಫ್’ ವ್ಯವಸ್ಥೆಯ ನಿಜವಾದ ಪೂರ್ವಜ ಆ ಬತ್ತಿಯೇ ಎನ್ನಬೇಕು.

1960ರ ದಶಕದ ಆರಂಭದಲ್ಲಿ ಡಗ್ ಸ್ಪ್ರೆಂಗ್ ಮತ್ತು ಡಾನ್ ಮ್ಯಾಥರ್ಸ್ ಅವರಂಥವರ ಕೈಯಲ್ಲಿ ಡಿಜಿಟಲ್ ಪ್ರಮಾಣಾನುಸಾರ ನಿಯಂತ್ರಣ ರೂಪುಗೊಂಡಿತು. ಕೈಯಲ್ಲಿನ ಟ್ರಾನ್ಸ್‌ಮಿಟರಿನ ಕಡ್ಡಿಯನ್ನು ಎಷ್ಟು ವಾಲಿಸಿದರೆ ರೆಕ್ಕೆಯ ಪಟ್ಟಿ ಅಷ್ಟೇ ಹೊರಳತೊಡಗಿತು. ಒಂದರಿಂದ ಎರಡು ಮಿಲಿಸೆಕೆಂಡ್ ಅಗಲದ ಮಿಡಿತಗಳು ಸೆಕೆಂಡಿಗೆ ಸುಮಾರು 50 ಬಾರಿ ಸರ್ವೊ ಮೋಟರಿಗೆ ತಲುಪುತ್ತಿದ್ದವು. ಸಾಹಸ ಹಾರಾಟಕ್ಕೆ ಬಾಗಿಲು ತೆರೆಯಿತು. ಆದರೆ ರಬ್ಬರ್ ಪಟ್ಟಿ ತಾನಾಗಿ ಕೊಡುತ್ತಿದ್ದ ರಕ್ಷಣೆ ಹೋಯಿತು. ಸಿಗ್ನಲ್ ಹಿಡಿಯಲು ವಿಮಾನದಲ್ಲಿದ್ದ ರಿಸೀವರಿಗೆ ಆಜ್ಞೆ ಯಾವುದು, ಗದ್ದಲ ಯಾವುದು ಎಂದು ತಿಳಿಯುತ್ತಿರಲಿಲ್ಲ; ಗದ್ದಲಕ್ಕೂ ಅದು ರೆಕ್ಕೆ ಹೊರಳಿಸುತ್ತಿತ್ತು.

ಗದ್ದಲಕ್ಕೆ ಕೊರತೆಯೂ ಇರಲಿಲ್ಲ. 27 ಮೆಗಾಹರ್ಟ್ಸ್ ಪಟ್ಟಿಯಲ್ಲಿ ಸಿಟಿಜನ್ಸ್ ಬ್ಯಾಂಡ್ ರೇಡಿಯೊಗಳ ಮಾತು ತುಂಬಿಕೊಂಡಿತು. ವಿಮಾನ ಹಾರಿಸುವವರು ಬ್ರಿಟನ್ನಿನಲ್ಲಿ 35 ಮೆಗಾಹರ್ಟ್ಸ್‌ಗೆ, ಅಮೆರಿಕದಲ್ಲಿ 72 ಮೆಗಾಹರ್ಟ್ಸ್‌ಗೆ ಸರಿದರು. ಅಲ್ಲೂ ಇಬ್ಬರು ಒಂದೇ ಚಾನೆಲ್ಲಿನಲ್ಲಿ ಸ್ವಿಚ್ ಹಾಕಿದರೆ ವಿಮಾನ ನೆಲ ಕಚ್ಚುವುದು ಖಚಿತ. ಅದಕ್ಕೇ ಕ್ಲಬ್ಬುಗಳ ಮೈದಾನದಲ್ಲಿ ಒಂದು ಹಲಗೆ, ಅದರಲ್ಲಿ ಚಾನೆಲ್ ಸಂಖ್ಯೆ ಬರೆದ ಕ್ಲಿಪ್ಪುಗಳು. ಆ ಸಂಖ್ಯೆಯ ಕ್ಲಿಪ್ಪು ಕೈಯಲ್ಲಿಲ್ಲದವರು ಟ್ರಾನ್ಸ್‌ಮಿಟರಿನ ಸ್ವಿಚ್ ಮುಟ್ಟುವಂತಿರಲಿಲ್ಲ.

1980ರ ದಶಕದಲ್ಲಿ ‘ಪಿಸಿಎಂ’ ಎಂಬ ಸಂಕೇತ ಪದ್ಧತಿಯ ರಿಸೀವರುಗಳು ಬಳಕೆಗೆ ಬಂದವು. ಬಂದ ಸಂಕೇತ ಸರಿಯೋ ಕೆಟ್ಟಿದೆಯೋ ಎಂದು ಅವು ಲೆಕ್ಕ ಹಾಕಿ ನೋಡುತ್ತಿದ್ದವು. ಕೆಟ್ಟಿದ್ದರೆ ಎರಡು ದಾರಿ: ಕೊನೆಯ ಒಳ್ಳೆಯ ಆಜ್ಞೆಯನ್ನೇ ಹಿಡಿದುಕೊಳ್ಳುವ ‘ಹೋಲ್ಡ್’, ಇಲ್ಲವೇ ಮೊದಲೇ ಹೇಳಿಕೊಟ್ಟ ಸ್ಥಿತಿಗೆ ಹೋಗುವ ‘ಫೇಲ್‌ಸೇಫ್’. ಸಿಗ್ನಲ್ ಮತ್ತೆ ಸಿಕ್ಕೀತು, ವಿಮಾನ ಉಳಿದೀತು ಎಂಬ ಆಸೆಯಿಂದ ಹೋಲ್ಡ್ ಇಟ್ಟುಕೊಂಡವರು ಬಹಳ. ಆದರೆ ಗಂಟೆಗೆ 100 ಕಿಲೊಮೀಟರ್ ವೇಗದ ವಿಮಾನ ಒಂದು ಸೆಕೆಂಡಿನಲ್ಲಿ ಸುಮಾರು 28 ಮೀಟರ್ ಸಾಗುತ್ತದೆ. ಪೂರ್ಣ ಥ್ರಾಟಲ್‌ನಲ್ಲಿ ಹಿಡಿದುಕೊಂಡ ಮೂರು ಸೆಕೆಂಡು ಸಾಕು, ಅದು ಮೈದಾನದ ಅಂಚು ದಾಟುತ್ತದೆ. ಹಳೆಯ ರಿಸೀವರಿನಲ್ಲಿ ಗದ್ದಲ ನುಸುಳಿದೊಡನೆ ವಿಮಾನ ನಡುಗಿ ಮುನ್ಸೂಚನೆ ಕೊಡುತ್ತಿತ್ತು. ಹೋಲ್ಡ್ ಆ ಮುನ್ಸೂಚನೆಯನ್ನೂ ಮುಚ್ಚಿಹಾಕಿತು.

ಹೋಲ್ಡೋ ಫೇಲ್‌ಸೇಫೋ ಎಂಬ ಈ ವಾದದಲ್ಲಿ ಬ್ರಿಟನ್ ನೆಲದ ಮೇಲಿನ ಜನರ ಪಕ್ಷ ವಹಿಸಿತು. ಅಲ್ಲಿನ ಬ್ರಿಟಿಷ್ ಮಾಡೆಲ್ ಫ್ಲೈಯಿಂಗ್ ಅಸೋಸಿಯೇಷನ್ನಿನ ಕೈಪಿಡಿಯ ಪ್ರಕಾರ, ಫೇಲ್‌ಸೇಫ್ ಸೌಲಭ್ಯವಿರುವ ಯಾವುದೇ ರಿಸೀವರಿನಲ್ಲಿ ಸಿಗ್ನಲ್ ಕೆಟ್ಟಾಗ ಎಂಜಿನ್ ವೇಗ ಕನಿಷ್ಠಕ್ಕೆ ಇಳಿಯುವಂತಾದರೂ ಹೊಂದಿಸಿರಬೇಕು. 7 ಕಿಲೊಗ್ರಾಂಗಿಂತ ಭಾರದ ಎಂಜಿನ್ ಮಾದರಿಗಳಿಗಂತೂ ಫೇಲ್‌ಸೇಫ್ ಕಡ್ಡಾಯವಾಯಿತು. ವಿಮಾನ ಮುರಿದರೆ ಮುರಿಯಲಿ, ಜನರ ಮೇಲೆ ಬೀಳದಿರಲಿ ಎಂಬ ಈ ನಿಲುವೇ ಸರಿ.

2000ದ ದಶಕದ ನಡುವಿನಲ್ಲಿ, ಚಾನೆಲ್ ಘರ್ಷಣೆಯನ್ನು ತಾವೇ ತಪ್ಪಿಸುವ 2.4 ಗಿಗಾಹರ್ಟ್ಸ್ ಸೆಟ್ಟುಗಳು ಬಂದು ಕ್ಲಿಪ್ಪಿನ ಹಲಗೆಗಳು ಮೂಲೆ ಸೇರಿದವು. ಭಾರತ ಸರ್ಕಾರ ಕಡಿಮೆ ಶಕ್ತಿಯ ಉಪಕರಣಗಳಿಗೆ ಈ ಪಟ್ಟಿಯಲ್ಲಿ 2005ರಲ್ಲೇ ಲೈಸೆನ್ಸ್ ವಿನಾಯಿತಿ ಕೊಟ್ಟಿತ್ತು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2018ರಲ್ಲಿ ಡ್ರೋನ್‌ಗಳಿಗೆ ಹೊರಡಿಸಿದ ನಿಯಮಗಳಲ್ಲಿ, ಹಾರಾಟ ತಾನಾಗಿ ಕೊನೆಗೊಳ್ಳುವ ಇಲ್ಲವೇ ಹೊರಟ ಜಾಗಕ್ಕೆ ಮರಳುವ ವ್ಯವಸ್ಥೆಯನ್ನು ಸೇರಿಸಿತು.

ಹೊಸ ಸೆಟ್ಟುಗಳಲ್ಲೂ ಒಂದು ಬಲೆ ಉಳಿದಿದೆ. ಟ್ರಾನ್ಸ್‌ಮಿಟರಿಗೆ ರಿಸೀವರನ್ನು ಬೆಸೆಯುವ ‘ಬೈಂಡ್’ ಹೊತ್ತಿನಲ್ಲಿ ಕಡ್ಡಿಗಳು ಎಲ್ಲಿದ್ದವೋ ಆ ಸ್ಥಿತಿಯನ್ನೇ ಹಲವು ರಿಸೀವರುಗಳು ಫೇಲ್‌ಸೇಫ್ ಎಂದು ನೆನಪಿಟ್ಟುಕೊಳ್ಳುತ್ತವೆ. ಆಮೇಲೆ ಥ್ರಾಟಲ್ ಚಾನೆಲ್ಲಿನ ದಿಕ್ಕನ್ನು ತಿರುಗಿಸಿದರೆ, ಹಿಂದೆ ‘ನಿಲ್ಲು’ ಎಂದಿದ್ದ ಆಜ್ಞೆ ‘ಪೂರ್ಣ ವೇಗ’ ಎಂದಾಗುತ್ತದೆ. ಎಂಜಿನ್ನೇ ಇಲ್ಲದ ಗ್ಲೈಡರಿಗೆ ಥ್ರಾಟಲ್ ಇಳಿಸುವ ಮಾತೇ ಬರುವುದಿಲ್ಲ. ಅಲ್ಲಿ ಏರ್‌ಬ್ರೇಕ್ ತೆರೆದುಕೊಳ್ಳುವಂತೆ ಹೊಂದಿಸಬೇಕು.

ಆದ್ದರಿಂದ ಹೊಸ ರಿಸೀವರ್ ಕೂರಿಸಿದಾಗಲೂ ಸೆಟ್ಟಿಂಗ್ ಬದಲಿಸಿದಾಗಲೂ ಪರೀಕ್ಷೆ ಮಾಡಿ. ಎಲೆಕ್ಟ್ರಿಕ್ ವಿಮಾನವಾದರೆ ಪ್ರೊಪೆಲ್ಲರ್ ಬಿಚ್ಚಿಡಿ, ವಿಮಾನವನ್ನು ಭದ್ರವಾಗಿ ಕಟ್ಟಿ, ಥ್ರಾಟಲನ್ನು ಸ್ವಲ್ಪ ಏರಿಸಿ, ಟ್ರಾನ್ಸ್‌ಮಿಟರಿನ ಸ್ವಿಚ್ ಆರಿಸಿ. ಮೋಟರ್ ನಿಲ್ಲದಿದ್ದರೆ, ಇಲ್ಲವೇ ಎಂಜಿನ್ ವೇಗ ಕನಿಷ್ಠಕ್ಕೆ ಇಳಿಯದಿದ್ದರೆ, ಅದನ್ನು ಸರಿಪಡಿಸುವವರೆಗೆ ಆ ವಿಮಾನವನ್ನು ಹಾರಿಸಬೇಡಿ.